ಕಾದಾಡಿದ ಏಳು ರಾಜ್ಯಗಳು ರಾಜಿಯಾಗಬಹುದಿತ್ತೇ?

2025ರ ಆಗಸ್ಟ್ ಕೊನೆಯಲ್ಲಿ ಚೀನಾದ ತಿಯಾನ್‌ಜಿನ್ ನಗರದಲ್ಲಿ ಶಾಂಘೈ ಸಹಕಾರ ಸಂಘಟನೆಯ ಶೃಂಗಸಭೆ ನಡೆಯಿತು. ಷಿ ಜಿನ್‌ಪಿಂಗ್, ಪುಟಿನ್, ಮೋದಿ ಮೂವರೂ ನಗುತ್ತಾ ನಿಂತ ಚಿತ್ರ ಎಲ್ಲ ಕಡೆ ಹರಿದಾಡಿತು. ಅಲ್ಲಿಂದೀಚೆಗೆ ‘ಬಹುಧ್ರುವೀಯ ಜಗತ್ತು’ ಎಂಬ ಮಾತು ಸುದ್ದಿಯಲ್ಲಿ ಪದೇ ಪದೇ ಕೇಳುತ್ತಿದೆ. ಒಬ್ಬನೇ ಯಜಮಾನನಿಲ್ಲದೆ ನಾಲ್ಕಾರು ದೊಡ್ಡ ಶಕ್ತಿಗಳು ಪರಸ್ಪರ ತೂಗಿಕೊಂಡು ಬಾಳುವುದು ಎಂಬುದು ಅದರ ಅರ್ಥ. ಇಂಥ ಸಭೆಗಳಲ್ಲಿ ಬೀಜಿಂಗ್ ತಪ್ಪದೇ ಸೇರಿಸುವ ಇನ್ನೊಂದು ವಾಕ್ಯವೂ ಇದೆ: ನಾವು ಎಂದೂ ಆಧಿಪತ್ಯ ಬಯಸುವುದಿಲ್ಲ.

ಓದುಗರಿಗೆ ಗೊಂದಲವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಚೀನಾದ ನಾಗರಿಕತೆಯೇ ಸಾಮರಸ್ಯದ್ದು, ಅದರ ಇತಿಹಾಸ ನೋಡಿ ಎನ್ನುತ್ತದೆ ಒಂದು ಗುಂಪಿನ ವಿಶ್ಲೇಷಕರು. ಅದೇ ಇತಿಹಾಸವನ್ನು ಬೆರಳಿಟ್ಟು ತೋರಿಸಿ, ಚೀನೀಯರಿಗೆ ಹಲವು ಶಕ್ತಿಗಳೆಂದರೆ ಅರಾಜಕತೆ, ಒಂದೇ ಶಕ್ತಿ ಎಂದರೆ ಶಾಂತಿ ಎನ್ನುತ್ತದೆ ಇನ್ನೊಂದು ಗುಂಪು. ‘ಆಕಾಶದಲ್ಲಿ ಇಬ್ಬರು ಸೂರ್ಯರಿಲ್ಲ, ಜನಕ್ಕೆ ಇಬ್ಬರು ರಾಜರಿಲ್ಲ’ ಎಂಬುದು ಅಲ್ಲಿನ ಹಳೆಯ ಮಾತು. ಎರಡೂ ಗುಂಪುಗಳ ಮನಸ್ಸಿನಲ್ಲಿರುವುದು ಒಂದೇ ಕಾಲ. ಕ್ರಿ.ಪೂ. 221ಕ್ಕೆ ಮುಂಚಿನ ಐದು ಶತಮಾನಗಳಲ್ಲಿ ಚೀನಾದ ನೆಲದಲ್ಲಿ ಹಲವು ಸ್ವತಂತ್ರ ರಾಜ್ಯಗಳಿದ್ದವು. ಕೊನೆಯಲ್ಲಿ ಒಂದು ರಾಜ್ಯ ಉಳಿದ ಎಲ್ಲವನ್ನೂ ನುಂಗಿತು. ಅದು ಹಾಗೆಯೇ ಆಗಬೇಕಿತ್ತೇ, ಅಥವಾ ಅವು ರಾಜಿಯಾಗಿ ಬಾಳಬಹುದಿತ್ತೇ?

ಆಗಬಹುದಿತ್ತು. ಒಮ್ಮೆ ಆಗಿಯೂ ಇತ್ತು. ಅದು ಏಕೆ ಉಳಿಯಲಿಲ್ಲ ಎಂಬುದೇ ನಿಜವಾದ ಕಥೆ.

ಯಾರು ಯಾರ ನೆರೆಯವರು

ಕ್ರಿ.ಪೂ. 771ರಲ್ಲಿ ಝೋ ವಂಶದ ರಾಜಧಾನಿ ದಾಳಿಗೆ ತುತ್ತಾಯಿತು. ರಾಜವಂಶ ಪೂರ್ವಕ್ಕೆ, ಇಂದಿನ ಲುವೊಯಾಂಗ್‌ಗೆ ಸರಿಯಿತು. ಸಿಂಹಾಸನದ ಗೌರವ ಉಳಿಯಿತು, ಬಲ ಹೋಯಿತು. ಸಾಮಂತರಾಗಿದ್ದವರು ತಮ್ಮ ತಮ್ಮ ನೆಲದಲ್ಲಿ ತಾವೇ ಒಡೆಯರಾದರು. ಮೊದಲ ಸುಮಾರು ಮುನ್ನೂರು ವರ್ಷಗಳನ್ನು ಇತಿಹಾಸಕಾರರು ‘ವಸಂತ ಮತ್ತು ಶರತ್ಕಾಲ’ದ ಯುಗ ಎನ್ನುತ್ತಾರೆ. ಮುಂದಿನ ಸುಮಾರು ಇನ್ನೂರೈವತ್ತು ವರ್ಷ ‘ಕಾದಾಡುವ ರಾಜ್ಯಗಳ’ ಯುಗ.

ಮೊದಲ ಯುಗದಲ್ಲಿ ಉತ್ತರದ ಜಿನ್ ಮತ್ತು ದಕ್ಷಿಣದ ಚು ದೊಡ್ಡ ಶಕ್ತಿಗಳು. ಕ್ರಿ.ಪೂ. 453ರಲ್ಲಿ ಜಿನ್ ರಾಜ್ಯವನ್ನು ಅದರದೇ ಮೂರು ಮನೆತನಗಳು ಹರಿದು ಹಂಚಿಕೊಂಡವು. ಹಾನ್, ಝಾವ್, ವೇ ಹುಟ್ಟಿದ್ದು ಹಾಗೆ. ಎರಡನೆಯ ಯುಗದಲ್ಲಿ ಕಣದಲ್ಲಿ ಉಳಿದವರು ಏಳು ಮಂದಿ: ಈ ಮೂರು, ದಕ್ಷಿಣದ ಚು, ಈಶಾನ್ಯದ ಯಾನ್, ಪೂರ್ವ ಕರಾವಳಿಯ ಚಿ, ಪಶ್ಚಿಮದ ಬೆಟ್ಟಗಳ ಹಿಂದಿನ ಚಿನ್. ಚಿ ಬೇರೆ, ಚಿನ್ ಬೇರೆ. ಕನ್ನಡದಲ್ಲಿ ಬರೆಯುವವರಿಗೂ ಓದುವವರಿಗೂ ಇದೊಂದು ತಲೆನೋವು. ಕೊನೆಗೆ ಎಲ್ಲರನ್ನೂ ನುಂಗಿದ್ದು ಪಶ್ಚಿಮದ ಚಿನ್.

ಇವರೆಲ್ಲರ ನಡುವೆ, ಬಯಲಿನಲ್ಲಿ, ಬೆಟ್ಟದ ಆಸರೆಯಾಗಲೀ ದೊಡ್ಡ ನದಿಯ ರಕ್ಷಣೆಯಾಗಲೀ ಇಲ್ಲದೆ ಇದ್ದದ್ದು ಸಾಂಗ್ ಎಂಬ ಮಧ್ಯಮ ಗಾತ್ರದ ರಾಜ್ಯ. ಏಳರ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಆದರೆ ಶಾಂತಿಯ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಏಳು ರಾಜ್ಯಗಳಿಗಿಂತ ಈ ಸಾಂಗ್ ಮೇಲೆ ಕಣ್ಣಿಡುವುದು ಒಳ್ಳೆಯದು.

‘ಬಾ’ ಎಂಬ ಪದ

ಇಂದು ಚೀನಾ ಬಳಸುವ ‘ಆಧಿಪತ್ಯವಾದ’ ಎಂಬ ಪದದ ಬೇರು ‘ಬಾ’. 1972ರ ಶಾಂಘೈ ಜಂಟಿ ಹೇಳಿಕೆಯಲ್ಲಿ ಅಮೆರಿಕವೂ ಚೀನಾವೂ ಏಷ್ಯಾ ಪೆಸಿಫಿಕ್ ಪ್ರದೇಶದಲ್ಲಿ ಆಧಿಪತ್ಯ ಬಯಸಬಾರದು ಎಂದು ಬರೆದುಕೊಂಡವು. ಚೀನಾದ ಸಂವಿಧಾನದ ಪೀಠಿಕೆಯಲ್ಲೂ ಆಧಿಪತ್ಯವಾದದ ವಿರೋಧವಿದೆ. ಈಗ ಅದು ಬೈಗುಳ. ಮೂಲದಲ್ಲಿ ಹಾಗಿರಲಿಲ್ಲ. ದುರ್ಬಲ ರಾಜನ ಹೆಸರಿನಲ್ಲಿ ಸಾಮಂತರನ್ನು ಒಟ್ಟುಗೂಡಿಸಿ ಸಭೆ ಕರೆಯುವ, ಪ್ರಮಾಣ ಮಾಡಿಸುವ, ತಪ್ಪಿದವರನ್ನು ದಂಡಿಸುವ ಪ್ರಬಲ ಸಾಮಂತನಿಗೆ ‘ಬಾ’ ಎನ್ನುತ್ತಿದ್ದರು.

ಕ್ರಿ.ಪೂ. 651ರಲ್ಲಿ ಚಿ ರಾಜ್ಯದ ಹ್ವಾನ್ ಇಂಥದ್ದೊಂದು ಸಭೆ ಕರೆದಾಗ ಮಾಡಿಸಿದ ಪ್ರಮಾಣಗಳಲ್ಲಿ ಎರಡು ಕುತೂಹಲದವು: ನೆರೆಯವನಿಗೆ ಕೇಡಾಗುವಂತೆ ನದಿಗೆ ಒಡ್ಡು ಕಟ್ಟಬಾರದು, ಬರಗಾಲದಲ್ಲಿ ಧಾನ್ಯ ಮಾರಾಟವನ್ನು ತಡೆಯಬಾರದು. ಕಾವೇರಿಯ ದಡದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದೇ ನದಿಗೆ ಹಲವು ಒಡೆಯರಿದ್ದಾಗ ಶಾಂತಿ ಎಂದರೆ ಯುದ್ಧ ನಿಲ್ಲುವುದಷ್ಟೇ ಅಲ್ಲ, ನೀರಿಗೂ ಕಾಳಿಗೂ ನಿಯಮ ಬೇಕು. ಮೂರು ಶತಮಾನಗಳ ನಂತರ ವೇ ರಾಜ್ಯದ ಮಂತ್ರಿಯೊಬ್ಬ ತನ್ನ ಪ್ರವಾಹ ನಿಯಂತ್ರಣದ ಕೌಶಲವನ್ನು ಕೊಚ್ಚಿಕೊಂಡಾಗ ಚಿಂತಕ ಮೆನ್ಸಿಯಸ್ ಸಿಡುಕಿದ್ದು ಇದಕ್ಕೇ: ನೀನು ನೆರೆಯ ರಾಜ್ಯವನ್ನೇ ನೀರು ಬಿಡುವ ಹಳ್ಳ ಮಾಡಿಕೊಂಡಿದ್ದೀಯ.

ಕ್ರಿ.ಪೂ. 546: ಒಪ್ಪಂದ ಆದ ದಿನ

ಜಿನ್ ಮತ್ತು ಚು ನಡುವಿನ ಹಗ್ಗಜಗ್ಗಾಟದಲ್ಲಿ ನಡುವಿನ ಬಯಲು ನುಜ್ಜುಗುಜ್ಜಾಗುತ್ತಿತ್ತು. ಕ್ರಿ.ಪೂ. 579ರಲ್ಲಿ ಸಾಂಗ್‌ನ ಮಂತ್ರಿಯೊಬ್ಬ ಕದನವಿರಾಮ ಮಾಡಿಸಿದ್ದ. ನಾಲ್ಕು ವರ್ಷಗಳಲ್ಲಿ ಯೆನ್‌ಲಿಂಗ್‌ನಲ್ಲಿ ದೊಡ್ಡ ಯುದ್ಧವೇ ಆಗಿಹೋಯಿತು. ಕ್ರಿ.ಪೂ. 546ರಲ್ಲಿ ಅದೇ ಸಾಂಗ್‌ನ ಇನ್ನೊಬ್ಬ ಮಂತ್ರಿ ಶಿಯಾಂಗ್ ಶೂ ಮತ್ತೆ ಕೈಹಾಕಿದ. ಜಿನ್‌ನ ಮುಖ್ಯಮಂತ್ರಿ ಅವನ ಗೆಳೆಯ, ಚು ರಾಜ್ಯದ ಮುಖ್ಯಮಂತ್ರಿಯೂ ಗೆಳೆಯ.

ದೊಡ್ಡವರು ಒಪ್ಪಿದ ಕಾರಣವನ್ನು ಹಳೆಯ ವೃತ್ತಾಂತ ಮುಚ್ಚಿಡುವುದಿಲ್ಲ. ಜಿನ್‌ನ ಆಸ್ಥಾನದಲ್ಲಿ ಹಾನ್ ಮನೆತನದ ಹಿರಿಯ ಹೇಳಿದ್ದರ ತಾತ್ಪರ್ಯ ಹೀಗಿದೆ. ಯುದ್ಧ ಜನರನ್ನು ಕೊಲ್ಲುತ್ತದೆ, ಬೊಕ್ಕಸಕ್ಕೆ ಹುಳು ಹಿಡಿಸುತ್ತದೆ, ಸಣ್ಣ ರಾಜ್ಯಗಳಿಗೆ ದೊಡ್ಡ ವಿಪತ್ತು. ಅದನ್ನು ನಿಲ್ಲಿಸಲು ಆಗದಿರಬಹುದು, ಆದರೂ ಒಪ್ಪಿಕೊಳ್ಳಬೇಕು. ನಾವು ಒಪ್ಪದಿದ್ದರೆ ಚು ಒಪ್ಪುತ್ತದೆ, ಎಲ್ಲರನ್ನೂ ತನ್ನ ಕಡೆಗೆ ಕರೆದುಕೊಳ್ಳುತ್ತದೆ, ನಮ್ಮ ನಾಯಕತ್ವ ಹೋಗುತ್ತದೆ. ಶಾಂತಿಗೆ ಬಂದದ್ದು ಶಾಂತಿಯ ಆಸೆಗಿಂತ ಹೆಚ್ಚಾಗಿ, ಅದರ ಹೆಗ್ಗಳಿಕೆ ಎದುರಾಳಿಗೆ ಸಿಗಬಾರದು ಎಂಬ ಲೆಕ್ಕದಿಂದ. ಇದನ್ನು ಹೀಗಳೆಯುವ ಅಗತ್ಯವಿಲ್ಲ. ಬಹಳಷ್ಟು ಒಳ್ಳೆಯ ಒಪ್ಪಂದಗಳು ಇಂಥ ಲೆಕ್ಕದಿಂದಲೇ ಹುಟ್ಟುತ್ತವೆ.

ಸಾಂಗ್‌ನ ರಾಜಧಾನಿಯ ಪಶ್ಚಿಮ ದ್ವಾರದ ಹೊರಗೆ ಪ್ರಮಾಣವಚನ. ಹತ್ತಕ್ಕೂ ಹೆಚ್ಚು ರಾಜ್ಯಗಳ ಪ್ರತಿನಿಧಿಗಳು ಸೇರಿದ್ದಾರೆ. ಚು ಕಡೆಯವರು ಅಂಗಿಯ ಒಳಗೆ ಕವಚ ತೊಟ್ಟು ಬಂದಿದ್ದಾರೆ. ಇದು ಸರಿಯಲ್ಲ, ನಂಬಿ ಬಂದವರ ನಂಬಿಕೆ ಹೋಗುತ್ತದೆ ಎಂದು ಅವರವನೇ ಒಬ್ಬ ಹೇಳಿದರೆ ಅವರ ಮುಖ್ಯಮಂತ್ರಿ ಕೇಳಲಿಲ್ಲ. ನಮಗೂ ಜಿನ್‌ಗೂ ನಂಬಿಕೆ ಇದ್ದದ್ದು ಯಾವಾಗ, ಲಾಭವಾದರೆ ಸಾಕು ಎಂಬುದು ಅವನ ಉತ್ತರ. ಬಲಿಯ ರಕ್ತವನ್ನು ತುಟಿಗೆ ಮೊದಲು ಸವರಿಕೊಳ್ಳುವವರು ಯಾರು ಎಂಬ ಜಗಳವೂ ಆಯಿತು. ಮೊದಲು ಸವರಿಕೊಂಡವನೇ ಹಿರಿಯ. ಕೊನೆಗೆ ಜಿನ್ ಬಿಟ್ಟುಕೊಟ್ಟಿತು. ಇಷ್ಟು ಅಪನಂಬಿಕೆಯ ನಡುವೆಯೂ ಒಪ್ಪಂದ ಆಯಿತು. ಅದಕ್ಕಿಂತ ದೊಡ್ಡ ವಿಷಯ, ಅದು ಬಾಳಿತು. ಮುಂದಿನ ಸುಮಾರು ನಲವತ್ತು ವರ್ಷ ಜಿನ್ ಮತ್ತು ಚು ನಡುವೆ ದೊಡ್ಡ ಯುದ್ಧ ನಡೆಯಲಿಲ್ಲ.

ಲೆಕ್ಕ ಕಟ್ಟಿದವರು ಯಾರು

ಒಪ್ಪಂದದ ತಿರುಳು ಇಷ್ಟು: ಜಿನ್‌ನ ಹಿಂಬಾಲಕರು ಚು ಆಸ್ಥಾನಕ್ಕೂ ಕಾಣಿಕೆ ಒಪ್ಪಿಸಬೇಕು, ಚು ಹಿಂಬಾಲಕರು ಜಿನ್‌ಗೂ ಒಪ್ಪಿಸಬೇಕು. ಚಿ ಮತ್ತು ಚಿನ್ ದೊಡ್ಡವಾದ್ದರಿಂದ ಅವಕ್ಕೆ ವಿನಾಯಿತಿ. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಕೇಡು ಎಂಬ ಮಾತು ನಮ್ಮಲ್ಲಿದೆ. ಇಲ್ಲಿ ಕೋಣಗಳು ರಾಜಿಯಾಗಿ ಗಿಡವನ್ನು ಸರದಿಯಲ್ಲಿ ಮೇಯ್ದವು. ಸಣ್ಣ ರಾಜ್ಯಗಳಿಗೆ ಒಂದು ತೆರಿಗೆ ಎರಡಾಯಿತು.

ಕ್ರಿ.ಪೂ. 529ರಲ್ಲಿ ಜಿನ್ ನಾಲ್ಕು ಸಾವಿರ ರಥಗಳನ್ನು ತಂದು ನಿಲ್ಲಿಸಿ ಸಭೆ ನಡೆಸಿದಾಗ, ಝೆಂಗ್ ಎಂಬ ಸಣ್ಣ ರಾಜ್ಯದ ಮಂತ್ರಿ ಝೀಚಾನ್ ಕಾಣಿಕೆಯ ಪ್ರಮಾಣ ಕಡಿಮೆ ಮಾಡಿ ಎಂದು ನಡುಹಗಲಿನಿಂದ ಕತ್ತಲಾಗುವವರೆಗೆ ವಾದಿಸಿದ. ಜಿನ್ ಒಪ್ಪಿತು. ಆದರೆ ಎಲ್ಲ ಸಣ್ಣ ರಾಜ್ಯಗಳಲ್ಲೂ ಝೀಚಾನ್ ಇರಲಿಲ್ಲ. ‘ಶಾಂತಿ’ಯ ಕಾಲದಲ್ಲೇ ಚು ತನ್ನ ನೆರೆಯ ಚೆನ್ ಮತ್ತು ಸಾಯ್ ರಾಜ್ಯಗಳನ್ನು ಕ್ರಿ.ಪೂ. 534 ಮತ್ತು 531ರಲ್ಲಿ ನುಂಗಿತು. ಕೆಲವೇ ವರ್ಷಗಳಲ್ಲಿ ಅವು ಮತ್ತೆ ತಲೆಯೆತ್ತಿದ್ದು ಚು ಒಳಗಿನ ಅರಮನೆ ಕಲಹದಿಂದ. ಒಪ್ಪಂದ ಅವನ್ನು ಕಾಯಲಿಲ್ಲ.

ಮಧ್ಯಸ್ಥಗಾರ ಶಿಯಾಂಗ್ ಶೂ ಏನಾದ? ತನಗೆ ಬಹುಮಾನ ಬೇಕೆಂದು ಕೇಳಿದ. ದೊರೆ ಅರವತ್ತು ಊರುಗಳ ದಾನಪತ್ರ ಬರೆಸಿಕೊಟ್ಟ. ಅವನು ಅದನ್ನು ಹೆಮ್ಮೆಯಿಂದ ಸಹೋದ್ಯೋಗಿ ಝೀಹಾನ್‌ಗೆ ತೋರಿಸಿದ. ಝೀಹಾನ್ ಕೆಂಡವಾದ. ಆಯುಧದ ಭಯ ಇರುವುದರಿಂದಲೇ ಸಣ್ಣ ರಾಜ್ಯಗಳು ಒಳಗೆ ಒಗ್ಗಟ್ಟಾಗಿ ಉಳಿದಿವೆ, ಆಯುಧವನ್ನು ಯಾರು ತಾನೇ ತೊಲಗಿಸಬಲ್ಲರು, ನೀನು ಎಲ್ಲರಿಗೂ ಮಂಕುಬೂದಿ ಎರಚಿ ಈಗ ಸಂಬಳ ಬೇರೆ ಕೇಳುತ್ತೀಯಾ ಎಂದು ಪತ್ರದ ಅಕ್ಷರಗಳನ್ನು ಚಾಕುವಿನಿಂದ ಹೆರೆದು ನೆಲಕ್ಕೆ ಎಸೆದ. ಆಗ ಬರವಣಿಗೆ ನಡೆಯುತ್ತಿದ್ದದ್ದು ಬಿದಿರು, ಮರದ ಪಟ್ಟಿಗಳ ಮೇಲೆ. ಚಾಕುವೇ ಅಳಿಸುವ ರಬ್ಬರ್. ಶಿಯಾಂಗ್ ಶೂ ಮರುಮಾತಿಲ್ಲದೆ ಊರುಗಳನ್ನು ಬಿಟ್ಟುಕೊಟ್ಟ.

ಝೀಹಾನ್ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಒಪ್ಪಂದ ನಿಂತದ್ದು ಪ್ರಮಾಣದ ಬಲದಿಂದಲ್ಲ. ಇಬ್ಬರೂ ಸಮಬಲರು, ಇಬ್ಬರಿಗೂ ಬೇರೆ ಕಡೆ ಕೆಲಸವಿತ್ತು. ಚು ಬೆನ್ನಿಗೆ ವೂ ಎಂಬ ಹೊಸ ಶತ್ರು ಬಿದ್ದಿತ್ತು. ಜಿನ್‌ನೊಳಗೆ ಮನೆತನಗಳು ಒಂದನ್ನೊಂದು ಕಚ್ಚುತ್ತಿದ್ದವು. ಆದರೆ ಇನ್ನರ್ಧ ಝೀಹಾನ್‌ಗೆ ಕಾಣಲಿಲ್ಲ. ನಲವತ್ತು ವರ್ಷ ಎಂದರೆ ಬಯಲಿನ ರೈತನಿಗೆ ಒಂದು ಇಡೀ ಬಾಳು.

ನಡುವೆ ಬದಲಾದದ್ದು ಏನು

ಮುಂದಿನ ಎರಡು ಶತಮಾನಗಳಲ್ಲಿ ಇಂಥ ಇನ್ನೊಂದು ಒಪ್ಪಂದ ಏಕೆ ಆಗಲಿಲ್ಲ? ರಾಜರು ಹೆಚ್ಚು ದುಷ್ಟರಾದರು ಎಂಬುದು ಸುಲಭದ ಉತ್ತರ. ನಿಜವಾಗಿ ಬದಲಾದದ್ದು ರಾಜ್ಯ ಎಂಬ ಯಂತ್ರ.

ಹಳೆಯ ಯುದ್ಧ ಶ್ರೀಮಂತರದ್ದು. ರಥದಲ್ಲಿ ಬಂದು, ಬಹುತೇಕ ಒಂದೆರಡು ದಿನಗಳಲ್ಲಿ ಮುಗಿಸಿ, ಸುಗ್ಗಿಗೆ ಮನೆಗೆ ಹೋಗುವಂಥದ್ದು. ಹೊಸ ಯುದ್ಧ ರೈತರದ್ದು. ಕುಟುಂಬಗಳ ಪಟ್ಟಿ ಮಾಡಿ, ಮನೆಮನೆಯಿಂದ ಕಾಲಾಳುಗಳನ್ನು ಎಳೆದು, ಅಡ್ಡಬಿಲ್ಲು ಕೊಟ್ಟು ನಿಲ್ಲಿಸುವ ಸೈನ್ಯ. ಇದನ್ನು ಎಲ್ಲ ರಾಜ್ಯಗಳೂ ಮಾಡಿದವು. ತುದಿ ಮುಟ್ಟಿಸಿದ್ದು ಚಿನ್. ಕ್ರಿ.ಪೂ. 356ರಿಂದ ಶಾಂಗ್ ಯಾಂಗ್ ಎಂಬ ಮಂತ್ರಿ ತಂದ ಸುಧಾರಣೆಗಳಲ್ಲಿ ಹುಟ್ಟಿನ ಶ್ರೀಮಂತಿಕೆಗೆ ಬೆಲೆಯಿಲ್ಲ. ಬೆಲೆ ಉಳುಮೆಗೆ ಮತ್ತು ಯುದ್ಧಕ್ಕೆ. ಕವಚ ತೊಟ್ಟ ಶತ್ರುವಿನ ಒಂದು ತಲೆ ತಂದವನಿಗೆ ದರ್ಜೆಯಲ್ಲಿ ಒಂದು ಮೆಟ್ಟಿಲು ಬಡ್ತಿ, ಜೊತೆಗೆ ಹೊಲ, ಮನೆಯ ನಿವೇಶನ.

ಇದರ ಪರಿಣಾಮವನ್ನು ಬಿಡಿಸಿ ನೋಡಬೇಕು. ಸೈನಿಕನಿಗೆ ಹೊಲ ಕೊಡಲು ರಾಜನ ಬಳಿ ಹೊಲ ಬೇಕು. ಹೊಸ ಹೊಲ ನೆರೆಯವನ ಗಡಿಯಾಚೆ ಇದೆ. ಅದನ್ನು ಗೆಲ್ಲಲು ಸೈನಿಕರು ಬೇಕು, ಅವರಿಗೆ ಮತ್ತೆ ಹೊಲ ಬೇಕು. ಹೀಗಿರುವಾಗ ಶಾಂತಿ ಎಂದರೆ ಬಡ್ತಿ ನಿಂತಂತೆ, ಸಂಬಳ ನಿಂತಂತೆ. ಜಿನ್ ಮತ್ತು ಚು ಶಾಂತಿಯಲ್ಲಿ ಕಾಣಿಕೆ ಎಣಿಸುತ್ತಾ ಸುಖವಾಗಿ ಕೂರಬಹುದಿತ್ತು. ಚಿನ್‌ಗೆ ಶಾಂತಿ ಒಂದು ಆಡಳಿತದ ಸಮಸ್ಯೆ. ಒಪ್ಪಂದ ಮುರಿಯಲು ಹೊರಗಿನ ಕಾರಣ ಬೇಕಿರಲಿಲ್ಲ, ಮನೆಯೊಳಗೇ ಇತ್ತು.

ಇನ್ನೊಂದು ಬದಲಾವಣೆ ಹೆಸರಿನದು. ಕ್ರಿ.ಪೂ. 334ರಲ್ಲಿ ವೇ ಮತ್ತು ಚಿ ದೊರೆಗಳು ಪರಸ್ಪರರನ್ನು ‘ರಾಜ’ ಎಂದು ಒಪ್ಪಿಕೊಂಡರು. ಹನ್ನೊಂದು ವರ್ಷಗಳಲ್ಲಿ ಮಿಕ್ಕವರಲ್ಲಿ ಬಹುತೇಕರೂ ಅದೇ ಬಿರುದು ಹೊತ್ತರು. ದಕ್ಷಿಣದ ಚು ದೊರೆಗಳು ಬಹಳ ಹಿಂದೆಯೇ ತಮ್ಮನ್ನು ‘ರಾಜ’ ಎಂದು ಕರೆದುಕೊಂಡಿದ್ದರು, ಆದರೆ ಉತ್ತರದವರು ‘ರಾಜ’ ಎಂದರೆ ಝೋ ವಂಶದವನೊಬ್ಬನೇ ಎಂದು ಬಾಯಿಮಾತಿಗಾದರೂ ಒಪ್ಪುತ್ತಿದ್ದರು. ಸಭೆ ಕರೆಯಲು, ಪ್ರಮಾಣ ಮಾಡಿಸಲು ಇದ್ದ ಆ ತೆಳ್ಳಗಿನ ನೆಪವೂ ಹರಿದುಹೋಯಿತು.

ಶಾಂತಿಯ ಮಾತಾಡಿದವರು

ಯುದ್ಧ ಬೇಡ ಎಂದವರು ಇರಲಿಲ್ಲವೇ? ಬೇಕಾದಷ್ಟು ಇದ್ದರು. ಅವರಲ್ಲಿ ಕೈಕೆಸರು ಮಾಡಿಕೊಂಡವನು ಚಿಂತಕ ಮೋಝಿ. ಚು ರಾಜ್ಯಕ್ಕೆ ಗೊಂಗ್‌ಶು ಬಾನ್ ಎಂಬ ಕುಶಲಕರ್ಮಿ ಕೋಟೆ ಹತ್ತುವ ‘ಮೋಡದ ಏಣಿ’ ಮಾಡಿಕೊಟ್ಟಿದ್ದಾನೆ, ಅದರಿಂದ ಸಾಂಗ್ ಮೇಲೆ ದಾಳಿಗೆ ಸಿದ್ಧತೆ ನಡೆದಿದೆ ಎಂದು ತಿಳಿದು ಮೋಝಿ ಹತ್ತು ಹಗಲು ಹತ್ತು ರಾತ್ರಿ ನಡೆದು ಚು ರಾಜಧಾನಿ ತಲುಪಿದನೆಂದು ಅವನ ಶಿಷ್ಯರು ಬರೆದಿಟ್ಟಿದ್ದಾರೆ. ಉಪದೇಶ ಫಲಿಸಲಿಲ್ಲ. ಆಗ ಸೊಂಟಪಟ್ಟಿ ಬಿಚ್ಚಿ ನೆಲದ ಮೇಲೆ ಕೋಟೆಯಂತೆ ಸುತ್ತಿಟ್ಟ, ಮರದ ಚೂರುಗಳನ್ನು ಯಂತ್ರಗಳೆಂದು ಇಟ್ಟುಕೊಂಡ. ಗೊಂಗ್‌ಶು ಬಾನ್ ಒಂಬತ್ತು ಬಗೆಯಲ್ಲಿ ದಾಳಿ ಮಾಡಿದ, ಮೋಝಿ ಒಂಬತ್ತನ್ನೂ ತಡೆದ. ನನ್ನನ್ನು ಕೊಂದರೂ ಫಲವಿಲ್ಲ, ನನ್ನ ಮುನ್ನೂರು ಶಿಷ್ಯರು ಇದೇ ಯಂತ್ರಗಳೊಂದಿಗೆ ಸಾಂಗ್ ಕೋಟೆಯ ಮೇಲೆ ಕಾದು ನಿಂತಿದ್ದಾರೆ ಎಂದ. ರಾಜ ದಾಳಿ ಕೈಬಿಟ್ಟ. ಹಿಂದಿರುಗುವಾಗ ಸಾಂಗ್‌ನಲ್ಲೇ ಮಳೆ ಬಂತು. ಆಸರೆಗೆಂದು ಹೋದರೆ ಕಾವಲುಗಾರ ಒಳಗೆ ಬಿಡಲಿಲ್ಲ.

ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು, ವಾದ ಮಾತ್ರ ಗಟ್ಟಿ. ದಾಳಿಯನ್ನು ಲಾಭವಿಲ್ಲದ ಕೆಲಸವಾಗಿಸಿದರೆ ದಾಳಿ ನಿಲ್ಲುತ್ತದೆ. ತೊಂದರೆ ಏನೆಂದರೆ ಮುನ್ನೂರು ಶಿಷ್ಯರು ಒಂದು ಕೋಟೆಯನ್ನು ಕಾಯಬಹುದು, ಒಂದು ವ್ಯವಸ್ಥೆಯನ್ನಲ್ಲ.

ಗೊಂಗ್‌ಸುನ್ ಲೊಂಗ್ ಎಂಬ ತರ್ಕಶಾಸ್ತ್ರಿಯದ್ದು ಬೇರೆ ದಾರಿ. ಝಾವ್ ದೊರೆ ಅವನನ್ನು ಕೇಳಿದ: ಹತ್ತು ವರ್ಷಕ್ಕೂ ಮೇಲಾಯಿತು, ಯುದ್ಧ ನಿಲ್ಲಿಸಲು ಪ್ರಯತ್ನಪಡುತ್ತಿದ್ದೇನೆ, ಆಗುತ್ತಿಲ್ಲ, ಅದು ಸಾಧ್ಯವೇ ಇಲ್ಲವೇ? ಚಿನ್ ನಿಮ್ಮ ಎರಡು ಊರು ಕಸಿದಾಗ ನೀವು ಬಿಳಿಯ ಸೂತಕದ ಬಟ್ಟೆ ತೊಟ್ಟಿರಿ, ಚಿ ರಾಜ್ಯದ ಊರನ್ನು ನೀವು ಗೆದ್ದಾಗ ಔತಣ ಏರ್ಪಡಿಸಿದಿರಿ, ಎಲ್ಲರನ್ನೂ ಸಮನಾಗಿ ಪ್ರೀತಿಸುವ ಮನಸ್ಸು ಇದಲ್ಲ ಎಂದ ಗೊಂಗ್‌ಸುನ್ ಲೊಂಗ್. ಆ ಇಡೀ ಯುಗದ ಬಗ್ಗೆ ಇದಕ್ಕಿಂತ ಚೂಪಾದ ಟೀಕೆ ಸಿಗುವುದು ಕಷ್ಟ. ಪ್ರತಿ ರಾಜ್ಯಕ್ಕೂ ಬೇಕಿದ್ದದ್ದು ತಾನು ಸೋಲದ ಶಾಂತಿ.

ಇನ್ನು ಮೆನ್ಸಿಯಸ್. ಈ ಲೋಕ ಹೇಗೆ ನೆಲೆಗೊಳ್ಳುತ್ತದೆ ಎಂದು ವೇ ದೊರೆ ಕೇಳಿದ್ದಕ್ಕೆ ಅವನ ಉತ್ತರ: ಒಂದಾದಾಗ. ಯಾರು ಒಂದುಗೂಡಿಸಬಲ್ಲರು? ಮನುಷ್ಯರನ್ನು ಕೊಲ್ಲುವುದರಲ್ಲಿ ರುಚಿಯಿಲ್ಲದವನು. ಉತ್ತರದ ಎರಡನೆಯ ಅರ್ಧವನ್ನು ಎಲ್ಲರೂ ಮೆಚ್ಚಿ ಉದ್ಧರಿಸುತ್ತಾರೆ. ಮೊದಲ ಅರ್ಧವೇ ಹೆಚ್ಚು ಮುಖ್ಯ ಎಂದು ನನಗನ್ನಿಸುತ್ತದೆ. ಹಲವು ರಾಜ್ಯಗಳು ಹಲವಾಗಿಯೇ ಉಳಿದು ಶಾಂತಿಯಿಂದಿರಬಹುದು ಎಂಬ ಕಲ್ಪನೆ ಯುದ್ಧವನ್ನು ದ್ವೇಷಿಸಿದವನ ತಲೆಯಲ್ಲೂ ಇರಲಿಲ್ಲ. ಭಿನ್ನಾಭಿಪ್ರಾಯ ಇದ್ದದ್ದು ಯಾರು ಒಂದುಗೂಡಿಸಬೇಕು, ಹೇಗೆ ಎಂಬುದರಲ್ಲಿ ಮಾತ್ರ.

ಆರುನೂರು ಲೀ ಆರು ಲೀ ಆದದ್ದು

ಮಾತಿಗೆ ಬೆಲೆ ಇದ್ದಿದ್ದರೆ? ಕ್ರಿ.ಪೂ. 313ರಲ್ಲಿ ಚಿನ್‌ನ ದೂತ ಝಾಂಗ್ ಯೀ, ಚು ದೊರೆ ಹ್ವಾಯ್ ಬಳಿ ಬಂದು ಚಿ ಜೊತೆಗಿನ ಮೈತ್ರಿ ಬಿಟ್ಟರೆ ಆರುನೂರು ಲೀ ನೆಲ ಕೊಡುತ್ತೇವೆ ಎಂದ. ಲೀ ಎಂಬುದು ಅಲ್ಲಿನ ದೂರದ ಅಳತೆ. ದೊರೆ ಮೈತ್ರಿ ಕಡಿದುಕೊಂಡ. ನೆಲ ಕೇಳಲು ಹೋದವರಿಗೆ ಝಾಂಗ್ ಯೀ ಹೇಳಿದ್ದು: ಆರುನೂರಲ್ಲ, ಆರು ಲೀ. ಸಿಟ್ಟಿಗೆದ್ದ ಚು ಯುದ್ಧಕ್ಕೆ ಹೋಗಿ ಸೋತು ಇನ್ನಷ್ಟು ನೆಲ ಕಳೆದುಕೊಂಡಿತು. ಕ್ರಿ.ಪೂ. 299ರಲ್ಲಿ ಅದೇ ಹ್ವಾಯ್‌ನನ್ನು ಸ್ನೇಹದ ಮಾತುಕತೆಗೆಂದು ವೂ ಕಣಿವೆಗೆ ಕರೆಸಿ ಚಿನ್ ಸೆರೆಹಿಡಿಯಿತು. ಮೂರು ವರ್ಷಗಳ ನಂತರ ಅವನ ಶವ ಊರಿಗೆ ಬಂತು.

ಇದು ಒಬ್ಬ ದೊರೆಯ ದಡ್ಡತನದ ಕಥೆಯಂತೆ ಕಾಣುತ್ತದೆ. ಪರಿಣಾಮ ಅದಕ್ಕಿಂತ ದೊಡ್ಡದು. ಮಾತುಕತೆಗೆ ಹೋದ ದೊರೆ ಜೀವಂತ ಮರಳುವುದಿಲ್ಲ ಎಂದಾದ ಮೇಲೆ ಶೃಂಗಸಭೆ ಎಂಬ ಸಾಧನವೇ ಮುರಿದುಬಿತ್ತು. ಕವಚವನ್ನು ಅಂಗಿಯ ಒಳಗೆ ತೊಟ್ಟು ಬಂದ ಕ್ರಿ.ಪೂ. 546ರ ದಿನಗಳೇ ಇದಕ್ಕಿಂತ ಸಭ್ಯವಾಗಿದ್ದವು.

ತಕ್ಕಡಿ ಮುರಿದ ವರ್ಷಗಳು

ಚಿನ್ ಗೆಲುವು ವಿಧಿಲಿಖಿತ ಎನ್ನುವವರು ಅದರ ಬೆಟ್ಟದ ಕಣಿವೆಗಳನ್ನು, ಶಾಂಗ್ ಯಾಂಗ್‌ನ ಸುಧಾರಣೆಗಳನ್ನು, ಕ್ರಿ.ಪೂ. 316ರಲ್ಲಿ ಗೆದ್ದ ಫಲವತ್ತಾದ ಸಿಚುವಾನ್ ಬಯಲನ್ನು ಮುಂದಿಡುತ್ತಾರೆ. ಇವೆಲ್ಲ ನಿಜ. ಆದರೆ ಇದನ್ನು ಒಪ್ಪದವರ ಬಳಿಯೂ ಗಟ್ಟಿ ಸಾಕ್ಷ್ಯವಿದೆ. ಕ್ರಿ.ಪೂ. 298ರಿಂದ 296ರವರೆಗೆ ಚಿ, ಹಾನ್, ವೇ ಒಂದಾಗಿ ಹೋರಾಡಿ ಚಿನ್‌ನ ಹೆಬ್ಬಾಗಿಲಾದ ಹಾಂಗು ಕಣಿವೆಯನ್ನು ಭೇದಿಸಿದವು. ಚಿನ್ ಗೆದ್ದ ನೆಲವನ್ನು ಹಿಂದಿರುಗಿಸಿ ರಾಜಿಯಾಯಿತು. ಒಗ್ಗಟ್ಟಿದ್ದರೆ ಚಿನ್ ಬಗ್ಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಹಾಗಾದರೆ ಮುಂದೆ ಏನಾಯಿತು? ಕ್ರಿ.ಪೂ. 288ರಲ್ಲಿ ಚಿನ್ ಮತ್ತು ಚಿ ಪಶ್ಚಿಮದ ಸಾಮ್ರಾಟ, ಪೂರ್ವದ ಸಾಮ್ರಾಟ ಎಂಬ ಬಿರುದುಗಳನ್ನು ಹಂಚಿಕೊಂಡವು. ಜಿನ್ ಮತ್ತು ಚು ಕಾಲದ ದ್ವಂದ್ವ ಯಜಮಾನಿಕೆ ಮತ್ತೆ ಹುಟ್ಟುವ ಸೂಚನೆ ಇದು. ಸುಂದರ ವ್ಯವಸ್ಥೆಯಲ್ಲ, ಸಣ್ಣವರು ಮತ್ತೆ ಎರಡು ಕಡೆ ಕಪ್ಪ ಒಪ್ಪಿಸಬೇಕಿತ್ತು. ಆದರೂ ಅದೊಂದು ವ್ಯವಸ್ಥೆ. ಅದು ಕೆಲವೇ ತಿಂಗಳಲ್ಲಿ ಮುರಿಯಿತು. ಬಿರುದು ಬಿಡಿ, ಅದರ ಬದಲು ಸಾಂಗ್ ನುಂಗಿ ಎಂದು ಚಿ ದೊರೆಗೆ ಸಲಹೆ ಬಂತು.

ಸಾಂಗ್ ಈ ಹೊತ್ತಿಗೆ ಹಳೆಯ ಮಧ್ಯಸ್ಥಗಾರ ಆಗಿ ಉಳಿದಿರಲಿಲ್ಲ. ಅದರ ಕೊನೆಯ ದೊರೆಯೂ ‘ರಾಜ’ ಎಂಬ ಬಿರುದು ಹೊತ್ತು ನೆರೆಯವರನ್ನು ಕೆಣಕಿದ್ದ. ಎಲ್ಲರೂ ತೋಳಗಳಾದ ಕಾಡಿನಲ್ಲಿ ಅದೂ ಹಲ್ಲು ಬೆಳೆಸಿಕೊಳ್ಳಲು ನೋಡಿತ್ತು. ತಾವೊ ಎಂಬ ಶ್ರೀಮಂತ ವ್ಯಾಪಾರಿ ಪಟ್ಟಣದ ಮೇಲೆ ಹಲವರ ಕಣ್ಣಿತ್ತು. ಕ್ರಿ.ಪೂ. 286ರಲ್ಲಿ ಚಿ ಸಾಂಗ್‌ನ್ನು ಪೂರ್ತಿ ನುಂಗಿತು.

ಜೀರ್ಣವಾಗಲಿಲ್ಲ. ಇದ್ದಕ್ಕಿದ್ದಂತೆ ಊದಿಕೊಂಡ ಚಿ ಕಂಡು ಎಲ್ಲರೂ ಬೆದರಿದರು. ಕ್ರಿ.ಪೂ. 284ರಲ್ಲಿ ಯಾನ್ ನೇತೃತ್ವದಲ್ಲಿ ಐದು ರಾಜ್ಯಗಳು ಒಂದಾಗಿ ಚಿ ಮೇಲೆ ಬಿದ್ದವು. ಎಪ್ಪತ್ತಕ್ಕೂ ಹೆಚ್ಚು ನಗರಗಳು ಯಾನ್ ಕೈಗೆ ಹೋದವು, ಉಳಿದದ್ದು ಎರಡು. ಐದು ವರ್ಷಗಳ ನಂತರ ಚಿ ತನ್ನ ನೆಲ ಮರಳಿ ಪಡೆಯಿತು. ಹಳೆಯ ಕಸುವು ಮರಳಲಿಲ್ಲ. ಒಬ್ಬ ಅತಿಯಾಗಿ ಬೆಳೆದರೆ ಉಳಿದವರು ಸೇರಿ ತಡೆಯಬೇಕು ಎಂಬ ತಕ್ಕಡಿಯ ನಿಯಮ ಇಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ತಪ್ಪು ರಾಜ್ಯದ ಮೇಲೆ. ಪೂರ್ವದ ತಟ್ಟೆಯಲ್ಲಿದ್ದ ಒಂದೇ ಭಾರವಾದ ಕಲ್ಲನ್ನು ಎಲ್ಲರೂ ಸೇರಿ ಒಡೆದರು, ಪಶ್ಚಿಮದ ಕಲ್ಲೂ ಆ ಕೆಲಸಕ್ಕೆ ಕೈಜೋಡಿಸಿತ್ತು.

ಕೌಟಿಲ್ಯನ ಮಂಡಲ ಸಿದ್ಧಾಂತ ಓದಿದವರಿಗೆ ಮುಂದಿನದು ಪರಿಚಿತ. ದೂರದವನ ಜೊತೆ ಸ್ನೇಹ, ಹತ್ತಿರದವನ ಮೇಲೆ ದಾಳಿ ಎಂಬ ಸೂತ್ರವನ್ನು ಚಿನ್‌ಗೆ ಫಾನ್ ಜೂ ಎಂಬ ಮಂತ್ರಿ ಕೊಟ್ಟ. ಕ್ರಿ.ಪೂ. 260ರ ಚಾಂಗ್‌ಪಿಂಗ್ ಯುದ್ಧದಲ್ಲಿ ಝಾವ್ ಸೈನ್ಯ ಅನ್ನವಿಲ್ಲದೆ ಸೊರಗಿ ಚಿ ಬಳಿ ಧಾನ್ಯ ಕೇಳಿತು. ತುಟಿ ಹೋದರೆ ಹಲ್ಲಿಗೆ ಚಳಿ, ಕೊಡಿ ಎಂದು ಆಸ್ಥಾನದಲ್ಲೊಬ್ಬ ಬೇಡಿಕೊಂಡ. ದೂರದ ಸ್ನೇಹದಲ್ಲಿ ಬೆಚ್ಚಗಿದ್ದ ಚಿ ಕೊಡಲಿಲ್ಲ. ಶರಣಾದವರೂ ಸೇರಿ ನಾಲ್ಕು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು ಎಂದು ಒಂದೂವರೆ ಶತಮಾನದ ನಂತರ ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಅಂಕಿ ದೊಡ್ಡದಾಗಿರಬಹುದು, ಪೆಟ್ಟು ನಿಜ. ಆಮೇಲೂ ಒಂದೆರಡು ಮೈತ್ರಿಕೂಟಗಳು ಚಿನ್‌ನ್ನು ಸೋಲಿಸಿದವು. ಅವು ಸಾವನ್ನು ಮುಂದೂಡಿದವು ಅಷ್ಟೆ.

ಯುರೋಪಿನ ಹೋಲಿಕೆ ಎಷ್ಟು ದೂರ

ಯುರೋಪಿನಲ್ಲಿ ಹಲವು ರಾಜ್ಯಗಳು ಹಲವಾಗಿಯೇ ಉಳಿದವು, 1648ರ ವೆಸ್ಟ್‌ಫೇಲಿಯಾ ಒಪ್ಪಂದವಾಯಿತು, ನೆಪೋಲಿಯನ್‌ನೂ ಸೋತ. ಚೀನಾದಲ್ಲಿ ಏಕೆ ಹಾಗಾಗಲಿಲ್ಲ ಎಂದು ಕೇಳುವವರಿದ್ದಾರೆ. ಯುರೋಪಿನಲ್ಲಿ ಬ್ರಿಟನ್ ಇತ್ತು. ಕಡಲಾಚೆ ಸುರಕ್ಷಿತವಾಗಿ ನಿಂತು, ಯಾರು ಹೆಚ್ಚು ಬೆಳೆದರೂ ಅವರ ವಿರುದ್ಧ ಹಣ ಸುರಿಯುವ ಶಕ್ತಿ ಅದು. ಚೀನಾದಲ್ಲಿ ಆ ಜಾಗದಲ್ಲಿ ಇದ್ದದ್ದು ಚಿ: ಬೆನ್ನಿಗೆ ಸಮುದ್ರ, ಬೊಕ್ಕಸದಲ್ಲಿ ಉಪ್ಪಿನ ಹಣ, ಚಿನ್‌ನಿಂದ ಬಲು ದೂರ. ತಡೆಯಬಲ್ಲವನು ಮೊದಲು ಆಸೆಗೆ ಬಿದ್ದ, ಆಮೇಲೆ ಉದಾಸೀನನಾದ. ಚಿ ಕ್ರಿ.ಪೂ. 221ರಲ್ಲಿ ಯುದ್ಧವನ್ನೇ ಮಾಡದೆ ಶರಣಾಯಿತು. ಅದು ಕೊನೆಯ ರಾಜ್ಯ.

ಇಂದಿನ ಸುದ್ದಿಗೆ ಈ ಕಥೆಯನ್ನು ಅಂಟಿಸುವಾಗ ಕೈ ತಡೆಯಬೇಕು. ಅಣ್ವಸ್ತ್ರಗಳ ಕಾಲದಲ್ಲಿ ದೊಡ್ಡವರು ಒಬ್ಬರನ್ನೊಬ್ಬರು ನುಂಗಲಾರರು, ನೆಲ ಗೆದ್ದು ಸೈನಿಕರಿಗೆ ಹಂಚುವ ರಾಜ್ಯವೂ ಇಲ್ಲ. ಆದ್ದರಿಂದ ಕ್ರಿ.ಪೂ. 221ರ ಅಂತ್ಯ ಕಾದಿದೆ ಎನ್ನುವುದು ಅತಿರೇಕ. ಹೆಚ್ಚು ಹೊಂದುವುದು ಕ್ರಿ.ಪೂ. 546. ನಮ್ಮನ್ನು ಒಂದು ಪಕ್ಷ ಆರಿಸಿಕೊಳ್ಳುವಂತೆ ಒತ್ತಾಯಿಸಬೇಡಿ ಎಂದು ಆಗ್ನೇಯ ಏಷ್ಯಾದ ದೇಶಗಳು ಅಮೆರಿಕಕ್ಕೂ ಚೀನಾಕ್ಕೂ ಹೇಳುತ್ತಿವೆ. ದೊಡ್ಡವರಿಬ್ಬರು ನಾಳೆ ರಾಜಿಯಾದರೆ ಅವುಗಳ ಭಾರ ಇಳಿಯುತ್ತದೆ ಎಂದೇನೂ ಇಲ್ಲ, ಎರಡು ಕಡೆಯ ಷರತ್ತುಗಳಿಗೂ ಒಗ್ಗಿಕೊಳ್ಳಬೇಕಾಗಬಹುದು. ಝೆಂಗ್‌ನ ಝೀಚಾನ್ ಕತ್ತಲಾಗುವವರೆಗೆ ವಾದಿಸಿದ್ದು ಯುದ್ಧದ ಕಾಲದಲ್ಲಲ್ಲ, ಶಾಂತಿಯ ಕಾಲದಲ್ಲಿ.

ಒಂದಾದ ಮೇಲೆ

‘ಒಂದೇ ಶಕ್ತಿ ಇದ್ದರೆ ಶಾಂತಿ’ ಎಂಬ ವಾದಕ್ಕೂ ಪರೀಕ್ಷೆ ನಡೆಯಿತು. ಎಲ್ಲವನ್ನೂ ಗೆದ್ದ ವರ್ಷ ಚಿನ್ ಆಸ್ಥಾನದಲ್ಲಿ ಚರ್ಚೆಯಾಯಿತು. ದೂರದ ಯಾನ್, ಚಿ, ಚು ನೆಲಗಳಿಗೆ ರಾಜಕುಮಾರರನ್ನು ದೊರೆಗಳಾಗಿ ಕಳಿಸೋಣ ಎಂದ ಪ್ರಧಾನಿ ವಾಂಗ್ ವಾನ್. ಬೇಡ, ಝೋ ವಂಶವೂ ಬಂಧುಗಳನ್ನೇ ಕೂರಿಸಿತ್ತು, ಅವರೇ ಮುಂದೆ ಶತ್ರುಗಳಂತೆ ಕಾದಾಡಿದರು ಎಂದ ಇನ್ನೊಬ್ಬ ಮಂತ್ರಿ ಲೀ ಸಿ. ಲೋಕದ ನೋವಿಗೆಲ್ಲ ಸಾಮಂತರೇ ಕಾರಣ ಎಂದು ಮೊದಲ ಸಾಮ್ರಾಟ ತೀರ್ಪು ಕೊಟ್ಟ. ನೆಲವನ್ನು ಮೂವತ್ತಾರು ಆಡಳಿತ ವಿಭಾಗಗಳಾಗಿ ಕತ್ತರಿಸಿದ. ನಾಡಿನ ಆಯುಧಗಳನ್ನೆಲ್ಲ ರಾಜಧಾನಿಗೆ ತರಿಸಿ ಕರಗಿಸಿ, ಗಂಟೆಗಳನ್ನೂ ಹನ್ನೆರಡು ಬೃಹತ್ ಲೋಹದ ಪ್ರತಿಮೆಗಳನ್ನೂ ಮಾಡಿಸಿದ. ಝೀಹಾನ್ ಯಾರಿಂದಲೂ ಆಗದು ಎಂದಿದ್ದನ್ನು ಆಜ್ಞೆ ಹೊರಡಿಸಿ ಮಾಡಿಸಿದ್ದ.

ಕ್ರಿ.ಪೂ. 209ರಲ್ಲಿ, ಪ್ರತಿಮೆಗಳು ಎದ್ದು ಹನ್ನೆರಡು ವರ್ಷವಾಗಿದ್ದಾಗ, ಗಡಿ ಕಾವಲಿಗೆ ಹೊರಟಿದ್ದ ಒಂಬೈನೂರು ರೈತರು ಮಳೆಗೆ ಸಿಕ್ಕಿಕೊಂಡರು. ಹೇಳಿದ ದಿನಕ್ಕೆ ತಲುಪದಿದ್ದರೆ ಮರಣದಂಡನೆ ಎಂದು ಅವರ ಮುಂದಾಳು ಚೆನ್ ಶೆಂಗ್ ದಂಗೆಯೆಬ್ಬಿಸಿದ. ಸುದ್ದಿ ಹರಡಿದ ವೇಗದಲ್ಲೇ ಹೊಸ ದೊರೆಗಳು ಹುಟ್ಟಿಕೊಂಡರು. ಅವರು ತಮ್ಮ ನಾಡುಗಳಿಗೆ ಇಟ್ಟುಕೊಂಡ ಹೆಸರುಗಳು ಚು, ಝಾವ್, ಯಾನ್, ಚಿ, ವೇ, ಹಾನ್.